ರಕ್ಷಣೆ ಮತ್ತು ನಡತೆ: ಚಿಕ್ಕೋಡಿ–ಅಥಣಿ ಸೀಮೆಯ ಕ್ರೈಸ್ತ ವಿಚಾರ

ಕ್ರೈಸ್ತನಿಗೆ ರಕ್ಷಣೆ ಸಿಗುವುದು ನಂಬಿದ ಮಾತ್ರಕ್ಕೋ, ನಂಬಿದಂತೆ ಬಾಳಿದ ಮೇಲೋ ಎಂಬುದು ಆ ಧರ್ಮದೊಳಗಿನ ಹಳೆಯ ತಕರಾರು. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕ್ರೈಸ್ತರು ಬಹಳ ಕಡಿಮೆ. ಈ ತಕರಾರು ಇಲ್ಲಿ ಪಂಡಿತರ ಚರ್ಚೆಯಾಗಿ ಬೆಳೆಯಲಿಲ್ಲ. ದೀಕ್ಷಾಸ್ನಾನಕ್ಕೆ ಮುಂಚೆ ಏನೇನು ಬಿಡಬೇಕು, ಬಿಟ್ಟದ್ದನ್ನು ಮತ್ತೆ ಹಿಡಿದವನ ಗತಿ ಏನು, ಊರವರು ನಮ್ಮನ್ನು ಯಾವುದರಿಂದ ಅಳೆಯುತ್ತಾರೆ ಎಂಬ ಮನೆಮಾತಿನ ಪ್ರಶ್ನೆಗಳಾಗಿ ಬಂತು. ಇದರ ಕಥೆಯನ್ನು ಈ ಐದು ತಾಲ್ಲೂಕುಗಳೊಳಗೇ ಹೇಳಿ ಮುಗಿಸಲಾಗದು. ಒಂದು ಕಾಲು ಬೆಳಗಾವಿಯಲ್ಲಿ, ಇನ್ನೊಂದು ಕೊಲ್ಹಾಪುರ–ಮಿರಜ್‌ನಲ್ಲಿ ಇಟ್ಟೇ ನಡೆಯಬೇಕು.

ಮೂಲದ ಗಂಟು ಹೊಸ ಒಡಂಬಡಿಕೆಯಲ್ಲೇ ಇದೆ. ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ದೇವರ ಮುಂದೆ ನೀತಿವಂತರಾಗಲಾರರು, ನಂಬಿಕೆಯೇ ದಾರಿ ಎಂದು ಪೌಲ ರೋಮಾಪುರದವರಿಗೆ ಬರೆದ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರ ಹೇಳುತ್ತದೆ. ಐದನೆಯ ಶತಮಾನದಲ್ಲಿ ಪೆಲಾಗಿಯಸ್ ಮನುಷ್ಯನ ಸ್ವಪ್ರಯತ್ನದ ಕಡೆ ನಿಂತ, ಅಗಸ್ಟೀನ್ ಕೃಪೆಯ ಕಡೆ ನಿಂತ. ಸಭೆ ಅಗಸ್ಟೀನನ ಮಾತು ಹಿಡಿಯಿತು. 1517ರ ನಂತರ ಮಾರ್ಟಿನ್ ಲೂಥರ್ ನಂಬಿಕೆ ಮಾತ್ರ ಸಾಕು ಎಂದ. 1547ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ತಳ್ಳಿತು: ಕೃಪೆಯೇ ಮೊದಲು ಬರುತ್ತದೆ, ಆದರೆ ಮನುಷ್ಯ ಅದಕ್ಕೆ ಒಪ್ಪಿ ಸಹಕರಿಸಬೇಕು, ಸತ್ಕ್ರಿಯೆಗಳಲ್ಲಿ ಬೆಳೆಯಬೇಕು ಎಂದು ವಿಧಿಸಿತು. ಇಷ್ಟು ಯುರೋಪಿನ ಜಗಳ.

ಕನ್ನಡಕ್ಕೆ ಬರುವಾಗ ಈ ಜಗಳ ಒಂದು ಶಬ್ದದಲ್ಲಿ ಸಿಕ್ಕಿಬಿತ್ತು. ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಮುಂದೆ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಪ್ರಾಟೆಸ್ಟಂಟ್ ಮನೆಗಳಲ್ಲಿ ಬಳಕೆಯಲ್ಲಿರುವ ಅನುವಾದದಲ್ಲಿ ಪೌಲನ ಮುಖ್ಯ ಪದಕ್ಕೆ ನಿಂತದ್ದು ‘ನೀತಿ’. ಪೌಲನ ಮನಸ್ಸಿನಲ್ಲಿದ್ದದ್ದು ನ್ಯಾಯಸ್ಥಾನದ ಚಿತ್ರ: ತಪ್ಪಿತಸ್ಥ ಕಟಕಟೆಯಲ್ಲಿ ನಿಂತಿದ್ದಾನೆ, ನ್ಯಾಯಾಧೀಶ ಅವನ ಪರವಾಗಿ ನಿರ್ಣಯ ಕೊಡುತ್ತಾನೆ. ಆದರೆ ಕನ್ನಡಿಗನಿಗೆ ನೀತಿ ಎಂದರೆ ನೀತಿಪಾಠ, ನೀತಿಕಥೆ, ಚುನಾವಣೆಯ ನೀತಿಸಂಹಿತೆ, ಅಂದರೆ ನಡವಳಿಕೆ. ‘ನಂಬಿಕೆಯಿಂದ ನೀತಿವಂತ’ ಎಂದು ಓದಿದರೆ, ನಂಬಿದವನು ನಡತೆಯಲ್ಲಿ ನೆಟ್ಟಗಾಗುತ್ತಾನೆ ಎಂದೇ ಹಳ್ಳಿಯ ಕಿವಿಗೆ ಕೇಳುತ್ತದೆ. ಲೂಥರ್ ಬಿಡಿಸಿಟ್ಟ ಎರಡು ಎಳೆಗಳನ್ನು ಕನ್ನಡದ ಒಂದು ಪದ ಮತ್ತೆ ಹೊಸೆದುಬಿಟ್ಟಿತು. ಅನುವಾದಕರು ಎಡವಿದರು ಎನ್ನುವುದಕ್ಕಿಂತ, ಬೇರೆ ಪದ ಅವರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ ಎನ್ನುವುದೇ ಸರಿ. ಸಾಮಾನ್ಯ ಭಾಷೆಯ ಇತ್ತೀಚಿನ ಅನುವಾದ ‘ದೇವರೊಡನೆ ಸತ್ಸಂಬಂಧ’ ಎಂದು ಬಿಡಿಸಿ ಬರೆದಿದೆ. ಕಥೋಲಿಕರಲ್ಲಿ ಅದು ರೂಢಿಗೆ ಬಂದಿದೆ. ‘ಮೋಕ್ಷ’ ಎಂಬ ಸಿದ್ಧ ಪದವನ್ನು ಪಕ್ಕಕ್ಕಿಟ್ಟು ‘ರಕ್ಷಣೆ’, ‘ಉದ್ಧಾರ’ ಎಂದದ್ದೂ ಬೇಕೆಂತಲೇ. ಮೋಕ್ಷ ಗಳಿಸುವಂಥದು, ರಕ್ಷಣೆ ಇನ್ನೊಬ್ಬರು ಮಾಡುವಂಥದು.

ಆ ಗಳಿಸುವ ಮೋಕ್ಷಕ್ಕೆ ಈ ಸೀಮೆಯಷ್ಟು ಗಟ್ಟಿಯಾದ ನೆಲ ಕರ್ನಾಟಕದಲ್ಲಿ ವಿರಳ. ದಿಗಂಬರ ಮುನಿಪರಂಪರೆಗೆ 20ನೆಯ ಶತಮಾನದಲ್ಲಿ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಿಪ್ಪಾಣಿ ಬಳಿಯ ಭೋಜದವರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಆಚಾರ್ಯ ವಿದ್ಯಾನಂದರು ಕಾಗವಾಡ ಸೀಮೆಯ ಶೇಡಬಾಳದವರು, 2024ರಲ್ಲಿ ಸಲ್ಲೇಖನ ಮಾಡಿದ ಆಚಾರ್ಯ ವಿದ್ಯಾಸಾಗರರು ಚಿಕ್ಕೋಡಿ ಬಳಿಯ ಸದಲಗದವರು. ಅಂಟಿದ ಕರ್ಮವನ್ನು ತಾನೇ ಉದುರಿಸಿಕೊಳ್ಳಬೇಕು, ತೀರ್ಥಂಕರನೂ ಕೈಹಿಡಿದು ಎತ್ತುವುದಿಲ್ಲ ಎಂಬ ಮಾತು ಇಲ್ಲಿನ ಬಸದಿಗಳಲ್ಲಿ ನಿತ್ಯದ್ದು. ಲಿಂಗಾಯತರಲ್ಲಿ ಗುರುಕೃಪೆಯೂ ಉಂಟು, ಸದಾಚಾರ ಮೊದಲಾದ ಪಂಚಾಚಾರಗಳೂ ಉಂಟು. ಒಂದನ್ನು ಬಿಟ್ಟು ಒಂದಿಲ್ಲ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು (1836–1921) ಜನ ಇಂದಿಗೂ ನೆನೆಯುವುದು ಅವರ ಬಾಳಿಗಾಗಿ. ಇಂಥ ಊರುಗಳಲ್ಲಿ ‘ಕ್ರಿಯೆ ಬೇಡ, ನಂಬು’ ಎಂದು ಸಾರುವುದು ಸುಲಭದ ಕೆಲಸವಾಗಿರಲಿಲ್ಲ. ಕೇಳುವವನಿಗೆ ಅದು ರಿಯಾಯಿತಿಯಂತೆ ಕಾಣುವ ಅಪಾಯವಿತ್ತು.

ಸಾರಿದವರು ಯಾರು ಎಂಬುದನ್ನು ಬಹುಮಟ್ಟಿಗೆ ಸಂಸ್ಥಾನಗಳ ಗಡಿಯೇ ನಿರ್ಧರಿಸಿತು. ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದು ಲಂಡನ್ ಮಿಷನ್ನಿನ ಕೇಂದ್ರ ತೆರೆದರು. 1904ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಬಂತು. ಆಚೆ ಕೊಲ್ಹಾಪುರದಲ್ಲಿ ರಾಯಲ್ ವೈಲ್ಡರ್ 1852ರಲ್ಲಿ ಆರಂಭಿಸಿದ ಮಿಷನ್ ಮುಂದೆ ಅಮೆರಿಕದ ಪ್ರೆಸ್ಬಿಟೇರಿಯನ್ನರದಾಯಿತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದು, ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷ್ ಬೆಳಗಾವಿ ಜಿಲ್ಲೆಯವು. ಕ್ಯಾಲ್ವಿನ್ನನ ದಾರಿಯ ಪ್ರೆಸ್ಬಿಟೇರಿಯನ್ನರೂ ವೆಸ್ಲಿಯ ದಾರಿಯ ಮೆಥಡಿಸ್ಟರೂ ಹೀಗೆ ಒಂದೇ ಸೀಮೆಯ ಎರಡು ಮಗ್ಗುಲಲ್ಲಿ ನಿಂತರು. ಈ ಎರಡು ದಾರಿಯವರು ಹಿಂದೆ ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ಕಟುವಾಗಿ ವಾದಿಸಿದ್ದರು. ವೆಸ್ಲಿಯ 1770ರ ಸಭೆಯ ನಡಾವಳಿ ಕ್ರಿಯೆಗಳಿಗೆ ಹೆಚ್ಚು ಬೆಲೆ ಕೊಟ್ಟಿತೆಂದು ಕ್ಯಾಲ್ವಿನ್‌ಪಂಥೀಯರು ಕೆರಳಿದ್ದರು. ವೆಸ್ಲಿಯ ಗೆಳೆಯ ಜಾನ್ ಫ್ಲೆಚರ್ ಮರುವರ್ಷದಿಂದ ಉತ್ತರದ ಮೇಲೆ ಉತ್ತರ ಬರೆದ.

ಆಚರಣೆಯಲ್ಲಿ ಮಾತ್ರ ಇಬ್ಬರೂ ನಡತೆಯನ್ನೇ ಮೊದಲು ಕೇಳಿದರು. ಮೆಥಡಿಸ್ಟರಲ್ಲಿ ಹೊಸಬರನ್ನು ಪೂರ್ಣ ಸದಸ್ಯತ್ವಕ್ಕೆ ಮುನ್ನ ಪರೀಕ್ಷಾವಧಿಯಲ್ಲಿಡುವ ಪದ್ಧತಿಯಿತ್ತು. ವೆಸ್ಲಿ 1743ರಲ್ಲಿ ಹಾಕಿಕೊಟ್ಟ ಸಾಮಾನ್ಯ ನಿಯಮಗಳು ಕೇಡು ಮಾಡಬೇಡ, ಒಳ್ಳೆಯದನ್ನು ಮಾಡು, ದೇವರ ವಿಧಿಗಳನ್ನು ಪಾಲಿಸು ಎಂಬ ಮೂರು ಕಂಬದ ಮೇಲೆ ನಿಂತಿವೆ. ದಲಿತ ಕೇರಿಗಳು ಒಟ್ಟಾಗಿ ಕ್ರೈಸ್ತವಾದ ಕಾಲದಲ್ಲಿ ಸತ್ತ ದನದ ಮಾಂಸ ಬಿಡಿ, ಸೆರೆ ಬಿಡಿ, ಎರಡನೆಯ ಹೆಂಡತಿ ಬೇಡ, ಜಾತ್ರೆಯ ಬಲಿ ಬೇಡ ಎಂಬ ಷರತ್ತುಗಳು ದಕ್ಷಿಣ ಭಾರತದ ಮಿಷನ್‌ಗಳಲ್ಲೆಲ್ಲ ಸಾಮಾನ್ಯವಾಗಿದ್ದವು. ಬಾಸೆಲ್ ಮಿಷನ್ನಿನವರು ಧಾರವಾಡ–ಗದಗ ಕಡೆ ಕುಡಿದು ಸಿಕ್ಕವನನ್ನು ಪ್ರಭುಭೋಜನದಿಂದ ಹೊರಗಿಡುತ್ತಿದ್ದರು. ರಕ್ಷಣೆ ಉಚಿತ ಎಂದು ಸಾರಿದವರೇ ಬಾಗಿಲಲ್ಲಿ ಇಂಥ ಪಟ್ಟಿ ಹಿಡಿದು ನಿಂತದ್ದನ್ನು ವಿರೋಧಾಭಾಸವೆಂದು ಹೀಗಳೆಯಬಹುದು. ಆದರೆ ಕೇರಿಯ ಹೆಂಗಸಿಗೆ ಗಂಡ ಸೆರೆ ಬಿಟ್ಟದ್ದು ಯಾವ ಸಿದ್ಧಾಂತಕ್ಕಿಂತಲೂ ದೊಡ್ಡ ಸುವಾರ್ತೆಯಾಗಿದ್ದಿರಬೇಕು. ಒಂದು ತೊಡಕನ್ನೂ ಹೇಳಬೇಕು: ಮೆಥಡಿಸ್ಟ್ ಸಭೆಯ ಬೋಧಕರು ತಂಬಾಕು ಮುಟ್ಟಕೂಡದೆಂಬ ನಿಯಮವಿತ್ತು. ನಿಪ್ಪಾಣಿಯೋ ತಂಬಾಕಿನ ಪೇಟೆ. ಎಲೆ ಕತ್ತರಿಸಿ, ಪುಡಿ ತುಂಬಿ, ದಾರ ಸುತ್ತುವ ಬೀಡಿಯ ಮೊರ ಎಷ್ಟೋ ಬಡ ಹೆಂಗಸರ ತೊಡೆಯ ಮೇಲಿನ ಅನ್ನದ ತಟ್ಟೆ. ನೀತಿಯ ಪಟ್ಟಿ ಬರೆಯುವವರಿಗೆ ಇಂಥ ಊರು ಯಾವಾಗಲೂ ಕಷ್ಟ.

ಈ ಸೀಮೆ ಕ್ರೈಸ್ತ ಕ್ರಿಯೆಯನ್ನು ಹತ್ತಿರದಿಂದ ಕಂಡದ್ದು ಗಡಿಯಾಚೆ, ಮಿರಜ್‌ನಲ್ಲಿ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ 1889ರಲ್ಲಿ ಪ್ರೆಸ್ಬಿಟೇರಿಯನ್ ವೈದ್ಯರಾಗಿ ಬಂದು 1894ರಲ್ಲಿ ಮಿರಜ್ ಆಸ್ಪತ್ರೆ ತೆರೆದರು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮಿರಜ್ ಸ್ಟೇಷನ್. ಬಾವು, ಕಲ್ಲು, ಕಣ್ಣಿನ ಪೊರೆ ಏನಿದ್ದರೂ ‘ಮಿರಜಿ ದವಾಖಾನಿಗೆ ಒಯ್ರಿ’ ಎಂಬುದು ಅಥಣಿ–ಕಾಗವಾಡದ ನಾಲಿಗೆಯಲ್ಲಿ ನಿಂತ ಮಾತು. ವಾನ್ಲೆಸ್‌ಗೆ 1928ರಲ್ಲಿ ‘ಸರ್’ ಪದವಿ ಬಂತು, 1933ರಲ್ಲಿ ತೀರಿಕೊಂಡರು. ಅವರ ಪಂಥ 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣಕ್ಕೆ ಬದ್ಧವಾದದ್ದು. ಸತ್ಕ್ರಿಯೆ ನಿಜವಾದ ನಂಬಿಕೆಯ ಫಲ ಮತ್ತು ಸಾಕ್ಷ್ಯ, ಅದರಿಂದ ಪಾಪಕ್ಷಮೆ ಗಳಿಸಲಾಗದು ಎಂಬುದು ಅದರ ನಿಲುವು. ಹಾಸಿಗೆಯ ಮೇಲೆ ಮಲಗಿದ ಜೈನ ರೈತನಿಗೆ ಈ ವ್ಯತ್ಯಾಸ ಗೊತ್ತಿರಬೇಕಾಗಿರಲಿಲ್ಲ. ಅವನು ಕಂಡದ್ದು ಕ್ರಿಯೆ, ಅದನ್ನು ತನ್ನ ಲೆಕ್ಕದಲ್ಲಿ ಪುಣ್ಯ ಎಂದು ಬರೆದುಕೊಂಡ. ಕ್ರಿಯೆಯಿಂದ ರಕ್ಷಣೆಯಿಲ್ಲ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದ ಪಂಥವೇ ಈ ನಾಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕ್ರಿಯೆ ಮಾಡಿ ತೋರಿಸಿತು.

ಒಬ್ಬ ವ್ಯಕ್ತಿಯ ಬಾಳಿನಲ್ಲಿ ಈ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯಬಹುದು ಎಂಬುದಕ್ಕೆ, ಈ ಸೀಮೆಯವರಲ್ಲದಿದ್ದರೂ, ಪಂಡಿತಾ ರಮಾಬಾಯಿ (1858–1922) ಸಾಕ್ಷಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಇವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಪತಿತೆಯರೆನಿಸಿಕೊಂಡವರ ನಡುವೆ ಅಲ್ಲಿನ ಕ್ರೈಸ್ತ ಸೋದರಿಯರು ಮಾಡುತ್ತಿದ್ದ ಸೇವೆ ಅವರನ್ನು ಸೆಳೆದಿತ್ತು. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ, ಧರ್ಮ ಸಿಕ್ಕಿತು, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂಬ ಅರಿವು ತಮಗಾಯಿತೆಂದು ಅವರೇ ಬರೆದುಕೊಂಡಿದ್ದಾರೆ. ಅಷ್ಟರಲ್ಲಿ ವಿಧವೆಯರಿಗಾಗಿ ಅವರು ಮಾಡಿದ ಕೆಲಸ ದೇಶದ ಗಮನ ಸೆಳೆದಿತ್ತು. ಸಚ್ಚಾರಿತ್ರ್ಯದಲ್ಲಿ ಅವರನ್ನು ಮೀರಿಸುವವರು ವಿರಳ; ಆದರೂ ಅದು ಸಾಲದು ಎನಿಸಿದ್ದು ಅವರಿಗೇ.

ಎದುರು ದಿಕ್ಕಿನ ಪ್ರಶ್ನೆ ಎತ್ತಿದವರು ಬಿ. ಆರ್. ಅಂಬೇಡ್ಕರ್. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತಿಗೆ ಅವರೇ ಅಧ್ಯಕ್ಷರು. ಈ ಭಾಗದ ದಲಿತ ಕೇರಿಗಳಲ್ಲಿ ಅವರ ಮಾತಿಗೆ ಅಂದಿನಿಂದ ಇರುವ ತೂಕ ಯಾವ ಮಿಷನರಿಯ ಮಾತಿಗೂ ಇಲ್ಲ. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಅವರು ಬರೆದ ಪ್ರಬಂಧಗಳು ಮರಣಾನಂತರ, 1989ರಲ್ಲಿ, ಮಹಾರಾಷ್ಟ್ರ ಸರ್ಕಾರದ ಸಂಪುಟಗಳಲ್ಲಿ ಅಚ್ಚಾದವು. ಅಲ್ಲಿನ ಆಕ್ಷೇಪ ನೇರವಾಗಿದೆ: ಅಸ್ಪೃಶ್ಯ ಬಿದ್ದಿರುವುದು ಸಮಾಜದ ಅನ್ಯಾಯದಿಂದ, ಮಿಷನರಿ ಅವನಿಗೆ ನೀನು ಬಿದ್ದದ್ದು ನಿನ್ನ ಜನ್ಮಪಾಪದಿಂದ ಎಂದು ಕಲಿಸಿದ, ಹೀಗಾಗಿ ಸುತ್ತಲಿನ ವ್ಯವಸ್ಥೆಯ ಮೇಲೆ ಏಳಬೇಕಾದ ಕೈ ತನ್ನ ಎದೆಯನ್ನೇ ಬಡಿದುಕೊಂಡಿತು. ಚರ್ಚಿನೊಳಗೂ ಜಾತಿ ಉಳಿದದ್ದನ್ನು ಅವರು ಬಿಡದೆ ಎತ್ತಿ ತೋರಿಸಿದರು. ನೀತಿಯ ಬಾಳು ಎಂದರೆ ಸೆರೆ ಬಿಡುವುದಷ್ಟೇ ಆಗಿ, ಪಕ್ಕದಲ್ಲಿ ಕೂತವನ ಜಾತಿ ಕೇಳದಿರುವುದು ಅದರಲ್ಲಿ ಸೇರದೆ ಹೋದರೆ, ಆ ಪಟ್ಟಿಯೇ ಕುಂಟಿತು. ಈ ಟೀಕೆಗೆ ಸಭೆಗಳು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಇನ್ನು ಕಥೋಲಿಕರ ಕಡೆ ನೋಡಿದರೆ, ಅವರ ಬೆಳಗಾವಿ ಧರ್ಮಪ್ರಾಂತ್ಯ 1953ರದ್ದು. ಬೈಲಹೊಂಗಲ ಕಡೆಯ ದೇಶನೂರಿನ ಸ್ನಾನಿಕ ಅರುಳಪ್ಪನವರ ವಿರಕ್ತಮಠದಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು ಸ್ವಾಮಿಗಳಂತೆ ಬಾಳಿದ್ದು, ಈ ನಾಡಿನಲ್ಲಿ ನಡೆ ಕಾಣದೆ ನುಡಿಯನ್ನು ಯಾರೂ ಕೇಳುವುದಿಲ್ಲ ಎಂಬುದನ್ನು ಅರಿತೇ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವನು ಪ್ರಾಮಾಣಿಕ ಹೃದಯದಿಂದ ದೇವರನ್ನು ಹುಡುಕಿ, ಕೃಪೆಯ ಪ್ರೇರಣೆಯಿಂದ ಅಂತಃಸಾಕ್ಷಿಯಂತೆ ಬಾಳಿದರೆ ಅವನಿಗೂ ಉದ್ಧಾರ ಸಾಧ್ಯ ಎಂದಿತು. ದೇವರನ್ನು ಸೃಷ್ಟಿಕರ್ತನೆಂದೇ ಒಪ್ಪದ ಜೈನ ಮುನಿಯೂ ಇದರೊಳಗೆ ಬರುತ್ತಾನೆಯೇ? ಆ ಮಹಾಸಭೆಯ ದಾಖಲೆಯ ಅದೇ ಪ್ರಕರಣ, ಇನ್ನೂ ದೇವರ ಸ್ಪಷ್ಟ ಅರಿವಿಗೆ ಬಾರದೆ ಕೃಪೆಯಿಂದ ಸದ್ಬಾಳು ಬಾಳಲು ಯತ್ನಿಸುವವರನ್ನೂ ಹೆಸರಿಸುತ್ತದೆ. ಬಾಗಿಲು ಮುಚ್ಚಿಲ್ಲ ಎಂದೇ ತಿಳಿಯಬೇಕು.

ಮೇಲ್ಮಟ್ಟದ ಜಗಳ ಈಗ ಬಹುಪಾಲು ತಣ್ಣಗಾಗಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರು ಮತ್ತು ಲೂಥರನ್ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು: ನಮ್ಮ ಯೋಗ್ಯತೆಯಿಂದ ಅಲ್ಲದೆ ಕೃಪೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಸತ್ಕ್ರಿಯೆ ಅದರ ಫಲವಾಗಿ ಬರುತ್ತದೆ. ಜಾಗತಿಕ ಮೆಥಡಿಸ್ಟ್ ಮಂಡಳಿ 2006ರಲ್ಲಿ, ಪ್ರೆಸ್ಬಿಟೇರಿಯನ್ ಪರಂಪರೆಯನ್ನು ಒಳಗೊಂಡ ಸುಧಾರಿತ ಸಭೆಗಳ ಒಕ್ಕೂಟ 2017ರಲ್ಲಿ ಇದನ್ನು ಒಪ್ಪಿದವು. ಈ ಸೀಮೆಗೆ ಬಂದ ಕಥೋಲಿಕ, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಪರಂಪರೆಗಳು ಮೂರೂ ಹೀಗೆ ಒಂದೇ ಕಾಗದದ ಮೇಲಿವೆ.

ಯಾವ ಹಳೆಯ ಸಭೆಗೂ ಸೇರದ ಸ್ವತಂತ್ರ ಪ್ರಾರ್ಥನಾಲಯಗಳು ಈ ಒಪ್ಪಂದದಲ್ಲಿಲ್ಲ. ಅಲ್ಲಿ ಹಳೆಯ ಚರ್ಚಿನವರಿಗೆ ‘ನಾಮಧಾರಿ ಕ್ರೈಸ್ತರು’ ಎಂಬ ಹೆಸರು, ತಮಗೆ ‘ವಿಶ್ವಾಸಿಗಳು’. ರಕ್ಷಣೆ ಒಂದು ಕ್ಷಣದಲ್ಲಿ ಆಗುತ್ತದೆಂಬುದು ಬೋಧನೆ; ಮತ್ತೆ ಹಳೆಯ ಚಾಳಿಗೆ ಇಳಿದವನನ್ನು ‘ಬಿದ್ದುಹೋದ’ ಎನ್ನುತ್ತಾರೆ. ಭಾನುವಾರ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು. ಚಾಪೆಯ ಮೇಲೆ ಕೂತವರಲ್ಲೊಬ್ಬರು ಎದ್ದು ಕೈಮುಗಿದು ಸ್ತೋತ್ರ ಹೇಳಿ ಆರಂಭಿಸುತ್ತಾರೆ. ಪೌಲನ ಪತ್ರವಾಗಲಿ ಯಾಕೋಬನದಾಗಲಿ ಆ ಮಾತಿನಲ್ಲಿ ಬರುವುದು ಅಪರೂಪ. ಗಂಡಸು ಎದ್ದರೆ ಮೊದಲು ಹೇಳುವುದು ಸಾಮಾನ್ಯವಾಗಿ ಸೆರೆ ಬಿಟ್ಟು ಎಷ್ಟು ವರ್ಷವಾಯಿತು ಎಂಬುದನ್ನು.