ಬೇವಾರಸು

ಅರಬ್ಬಿಯ ‘ವಾರಿಸ್’ ಎಂಬುದಕ್ಕೆ ಉತ್ತರಾಧಿಕಾರಿಯೆಂದೂ, ಅದರ ಮುಂದೆ ಬಂದು ನಿಲ್ಲುವ ಪಾರಸಿಯ ‘ಬೇ’ ಎಂಬುದಕ್ಕೆ ಇಲ್ಲದ್ದೆಂದೂ ಅರ್ಥ. ಇವೆರಡೂ ಕೂಡಿ ಕಚೇರಿಯ ಕಾಗದಗಳಲ್ಲಿ ‘ಬೇವಾರಸು’ ಎಂದು ನೆಲಸಿದಾಗ, ಮಡಿದವನ ಹೊಲಮನೆ, ದನಕರು, ಒಡವೆವಸ್ತುಗಳ ಮೇಲೆ ಹಕ್ಕು ಸ್ಥಾಪಿಸುವವರು ಯಾರೂ ಇಲ್ಲವೆಂಬಷ್ಟನ್ನೇ ಆ ಮಾತು ತಿಳಿಸುತ್ತಿತ್ತು. ವಾರಸಾ, ವಾರಸುದಾರ ಎಂಬ ಅದರ ಒಡಹುಟ್ಟುಗಳು ಇಂದಿಗೂ ಮರ್ಯಾದೆಯಿಂದ ಬಾಳುತ್ತಿರಲು, ಇದೊಂದು ಮಾತ್ರ ‘ಬೇವರ್ಸಿ’ಯೆಂದು ರೂಪಗೆಟ್ಟು, ಸ್ವತ್ತನ್ನು ಬಿಟ್ಟು ಮನುಷ್ಯನ ಮೇಲೆರಗುವ ಬೈಗುಳವಾಯಿತು.

ಈ ಶಬ್ದ ಬರುವುದಕ್ಕೆ ಬಹು ಮೊದಲೇ ಅದರ ಹಿಂದಿರುವ ಪ್ರಶ್ನೆ ನಮ್ಮ ನೆಲದಲ್ಲಿಯೇ ವಿಚಾರಿತವಾಗಿತ್ತು. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ವಿಭಕ್ತನಾಗಿ ಅಪುತ್ರನಾಗಿ ಮಡಿದವನ ಧನವು ಮೊದಲು ಪತ್ನಿಗೆ, ಬಳಿಕ ಪುತ್ರಿಯರಿಗೆ, ತಾಯಿತಂದೆಗಳಿಗೆ, ಸೋದರರಿಗೆ, ಗೋತ್ರಜರಿಗೆ, ಬಂಧುಗಳಿಗೆ, ಕಡೆಗೆ ಶಿಷ್ಯನಿಗೂ ಸಹಪಾಠಿಗೂ ಸಲ್ಲತಕ್ಕದ್ದೆಂದು ಕ್ರಮವನ್ನು ಹಬ್ಬಿಸಿದನು. ಇವರೊಬ್ಬರೂ ಇಲ್ಲದಾಗಲಷ್ಟೇ ಅರಸನ ಕೈ ಮುಂದೆ ಚಾಚಬಹುದು, ಅದೂ ಬ್ರಾಹ್ಮಣನ ಧನವನ್ನುಳಿದು. ಶಾಕುಂತಲದ ಆರನೆಯ ಅಂಕದಲ್ಲಿ, ಕಡಲಲ್ಲಿ ಮುಳುಗಿಹೋದ ಅಪುತ್ರ ವರ್ತಕನ ಸಂಪತ್ತು ರಾಜಗಾಮಿಯೆಂದು ಅಮಾತ್ಯನು ಬರೆದು ಕಳುಹಿಸಲು, ದುಷ್ಯಂತನು ಅದನ್ನು ಸೆಳೆದುಕೊಳ್ಳದೆ, ಆತನ ಪತ್ನಿಯರಲ್ಲಿ ಗರ್ಭಿಣಿ ಯಾರಾದರೂ ಇರುವಳೋ ಎಂದು ಮೊದಲು ವಿಚಾರಿಸುತ್ತಾನೆ. ಒಡೆಯನಿಲ್ಲದ ಧನದ ಎದುರಿನಲ್ಲಿ ಆಳುವವನು ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ನಂಬುತ್ತೇನೆ.

ಆಂಗ್ಲರ ಆಳ್ವಿಕೆಯೂ ‘ಮಿತಾಕ್ಷರಾ’ ಗ್ರಂಥವನ್ನು ಕಡೆಗಣಿಸಲಿಲ್ಲ. ಆಂಗ್ಲ ವಿದ್ವಾಂಸ ಕೋಲ್‌ಬ್ರೂಕನು ಅದರ ದಾಯಭಾಗವನ್ನು 1810ರಲ್ಲಿ ಇಂಗ್ಲಿಷಿಗೆ ತಂದನು. ನ್ಯಾಯಾಲಯಗಳು ಅದನ್ನೇ ಆಧಾರವಾಗಿ ಹಿಡಿದುವು. ಆದರೆ ಮಚಲೀಪಟ್ಟಣದ ಕಲೆಕ್ಟರು ಪಕ್ಷಗಾರನಾಗಿದ್ದ ಪ್ರಸಿದ್ಧ ವ್ಯಾಜ್ಯದಲ್ಲಿ, ಪುತ್ರರಿಲ್ಲದೆ ಮಡಿದ ಬ್ರಾಹ್ಮಣ ಜಮೀನುದಾರನ ಆಸ್ತಿಯು ಆತನ ವಿಧವೆಯ ತರುವಾಯ ಯಾರಿಗೆ ಸೇರಬೇಕೆಂಬ ಪ್ರಶ್ನೆ ಸಮುದ್ರದಾಚೆಯ ಪ್ರಿವಿ ಕೌನ್ಸಿಲಿನ ಮುಂದೆ ಹೋದಾಗ, ಬ್ರಾಹ್ಮಣಸ್ವವನ್ನು ಅರಸನು ಮುಟ್ಟಬಾರದೆಂಬ ಶಾಸ್ತ್ರವಚನವು ಸರ್ಕಾರದ ಪರಮಾಧಿಕಾರಕ್ಕೆ ಅಡ್ಡಬರಲಾರದೆಂದು ತೀರ್ಮಾನವಾಯಿತು. ವಿಧವೆಯು ನ್ಯಾಯವಾದ ಆವಶ್ಯಕತೆಗಾಗಿ ಮಾಡಿದ ಸಾಲವಿದ್ದರೆ ಅದರ ಭಾರದೊಡನೆಯೇ ಸರ್ಕಾರವು ಆಸ್ತಿಯನ್ನು ಪಡೆಯಬೇಕೆಂದೂ ಕೌನ್ಸಿಲಿನವರು ಹೇಳಿದರು. ಆ ಮಟ್ಟಿಗೆ ಅದು ನ್ಯಾಯವೇ.

ನನ್ನ ಮನಸ್ಸನ್ನು ಕಲಕುವುದು ಬೇರೊಂದು. ವಾರಸುದಾರನು ಇಲ್ಲದಿರುವುದು ಒಂದು, ಇದ್ದವನನ್ನು ಇಲ್ಲವೆನಿಸುವುದು ಮತ್ತೊಂದು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ದತ್ತುಪುತ್ರನು ಕಣ್ಣೆದುರಿಗೇ ಇದ್ದನು; ದತ್ತಕನು ಔರಸನಂತೆಯೇ ಪಿಂಡಕ್ಕೂ ಧನಕ್ಕೂ ಅಧಿಕಾರಿಯೆಂಬುದು ಧರ್ಮಶಾಸ್ತ್ರದಲ್ಲಿ ನೆಲೆನಿಂತ ಮಾತು. ಆದರೂ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಆ ದತ್ತನ್ನು ಒಪ್ಪದೆ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆಯೊತ್ತಿಸಿದನು. ರಾಣಿ ಚೆನ್ನಮ್ಮನವರು ಎತ್ತಿದ ಕತ್ತಿ ನಾಡಿಗೆ ನೆನಪಿದೆ. ಆ ಕತ್ತಿಯನ್ನೆತ್ತಿಸಿದ್ದು ‘ವಾರಸಿಲ್ಲ’ ಎಂಬ ಲೇಖನಿಯ ಒಂದು ಗೆರೆಯೆಂಬುದು ಅಷ್ಟಾಗಿ ನೆನಪಿಲ್ಲ. ಮುಂದೆ ಡಾಲ್‌ಹೌಸಿಯು ಸಾತಾರೆ, ಝಾನ್ಸಿ, ನಾಗಪುರಗಳ ಮೇಲೆ ಪ್ರಯೋಗಿಸಿದ ನೀತಿಯ ಮೊಳಕೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೀಗೆ ಅಧಿಕಾರಸ್ಥರ ಒಪ್ಪಿಗೆ ದೊರೆಯದುದಕ್ಕೆ ಅಂಟಿಸಲ್ಪಟ್ಟ ಹೆಸರನ್ನು ನಾವು ತಬ್ಬಲಿಯ ಮೇಲೆಯೂ, ಮನೆಬಿಟ್ಟು ತಿರುಗುವ ಹುಡುಗನ ಮೇಲೆಯೂ ಎಸೆಯುತ್ತಿರುವುದು ನನಗೆ ಅತ್ಯಂತ ದುಃಖದ ಸಂಗತಿ. ಪತ್ರಿಕೆಗಳ ಮೂಲೆಯಲ್ಲಿ ಗುರುತು ಸಿಗದ ಶವವೊಂದರ ಎತ್ತರ, ಮೈಬಣ್ಣ, ತೊಟ್ಟ ಅಂಗಿಗಳನ್ನು ವಿವರಿಸಿ, ವಾರಸುದಾರರು ಯಾರಾದರೂ ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕೆಂದು ಪೊಲೀಸರು ಪ್ರಕಟಿಸುವ ನಾಲ್ಕು ಸಾಲಿನಲ್ಲಿ ಅದೇ ಧಾತುವಿನ ಶಬ್ದವು, ಸ್ವತ್ತಿನ ಮಾತೇ ಇಲ್ಲದೆ, ಸತ್ತವನ ಕಡೆಯವರನ್ನು ಕರೆಯುವ ಕೆಲಸವನ್ನು ಇನ್ನೂ ಮಾಡುತ್ತಿದೆ.