ಜ್ವರದ ಲೆಕ್ಕದಲ್ಲಿ ಅಡಗಿದ ನ್ಯುಮೋನಿಯಾ

1918ರಲ್ಲಿ ಗಜೇಂದ್ರಗಡ ರೋಣ ತಾಲೂಕಿನಲ್ಲಿತ್ತು, ನರಗುಂದ ನವಲಗುಂದಕ್ಕೆ ಸೇರಿತ್ತು. ಎಲ್ಲವೂ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯ ಊರುಗಳು. ಆ ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಮೊದಲ ಸುತ್ತಿನಲ್ಲಿ ಸೌಮ್ಯವಾಗಿತ್ತು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೆ ಎದ್ದಾಗ ಪ್ರಾಂತವೊಂದರಲ್ಲೇ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಅದು ಈ ಊರುಗಳ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವ ಹೊತ್ತು. ಸತ್ತವರಲ್ಲಿ ಹೆಚ್ಚಿನವರು ಕೂರಿಗೆ ಹಿಡಿಯುವ, ಮನೆ ನಡೆಸುವ ವಯಸ್ಸಿನವರೇ. ಅಂದಿನ ಮರಣ ದಾಖಲೆಗಳಲ್ಲಿ ಈ ಸಾವುಗಳು ಬಹುಪಾಲು ‘ಜ್ವರ’ದ ಲೆಕ್ಕಕ್ಕೆ ಸೇರಿದವು. ಈ ಒಂದೇ ಪದ ಎರಡು ರೋಗಗಳನ್ನು ಮುಚ್ಚಿಟ್ಟಿದೆ ಎಂಬುದು ನನ್ನ ವಾದ. ದಾರಿ ತೆರೆದದ್ದು ವೈರಸ್. ಬಹಳ ಮಂದಿಯ ಜೀವ ತೆಗೆದದ್ದು ಅದರ ಬೆನ್ನಿಗೇ ಪುಪ್ಪುಸಕ್ಕಿಳಿದ ಬ್ಯಾಕ್ಟೀರಿಯಾ.

ರೋಣದಲ್ಲಿ ಯಾರೂ ಹೆಣ ಕೊಯ್ದು ನೋಡಿಲ್ಲ, ಹಾಗಿದ್ದ ಮೇಲೆ ಇದನ್ನು ಹೇಳುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ರೋಗ ಜಗತ್ತಿನಾದ್ಯಂತ ಒಂದೇ ಆಗಿತ್ತು. ಸಂಶೋಧಕರಾದ ಮೊರೆನ್ಸ್, ಟೌಬೆನ್‌ಬರ್ಗರ್ ಮತ್ತು ಫೌಚಿ 2008ರಲ್ಲಿ, ಅಂದು ಸತ್ತ 58 ಜನರ ಪುಪ್ಪುಸದ ತುಣುಕುಗಳನ್ನು ಪರೀಕ್ಷಿಸಿ, ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನು ಓದಿ, ಬಹುಪಾಲು ಸಾವುಗಳ ಹಿಂದೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇತ್ತೆಂದು ತೋರಿಸಿದರು. ಅನೇಕರು ಸತ್ತದ್ದು ಜ್ವರ ಬಂದು ವಾರ, ಹತ್ತು ದಿನ ಕಳೆದ ಮೇಲೆ. ಶ್ವಾಸನಾಳದ ಒಳಪದರವನ್ನು ವೈರಸ್ ಹಾಳುಮಾಡಿದರೆ, ಆರೋಗ್ಯವಂತರ ಗಂಟಲಲ್ಲೂ ಸುಮ್ಮನೆ ಇರುವ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್‌ಗಳಿಗೆ ಕೆಳಗಿಳಿಯಲು ತಡೆಯೇ ಉಳಿಯುವುದಿಲ್ಲ. 1892ರಲ್ಲಿ ವಿಜ್ಞಾನಿ ಫೈಫರ್ ತಾನು ರೋಗಿಗಳಲ್ಲಿ ಕಂಡ ಬ್ಯಾಕ್ಟೀರಿಯಾವೇ ಇನ್‌ಫ್ಲುಯೆಂಜಾದ ಮೂಲವೆಂದು ನಂಬಿದ್ದು ಇದೇ ಕಾರಣಕ್ಕೆ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿದ್ದು 1933ರಲ್ಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು: ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು, ಜನರನ್ನು ಕೊಂದದ್ದು ಹಸಿವಲ್ಲವೇ? ಹಸಿವನ್ನು ಪಕ್ಕಕ್ಕಿಟ್ಟು ಈ ಕಥೆ ಹೇಳಲಾಗದು. ಆದರೆ ಹಸಿವಿನಿಂದಲೇ ಆಗಿದ್ದರೆ ಸಾವು ತಿಂಗಳುಗಟ್ಟಲೆ ನಿಧಾನವಾಗಿ ಏರಬೇಕಿತ್ತು. ಕೆಲವೇ ವಾರಗಳಲ್ಲಿ ಏರಿ ಇಳಿಯುತ್ತಿರಲಿಲ್ಲ. ಬರಗಾಲ ಮೈಯ ಕಸುವು ಕಸಿದದ್ದರಿಂದ ನ್ಯುಮೋನಿಯಾ ಗೆದ್ದಿತು ಎನ್ನುವುದೇ ಸರಿ. ಅಂದು ಪೆನಿಸಿಲಿನ್ ಇರಲಿಲ್ಲ. ಗಂಜಿ, ನೀರು, ಬೆಚ್ಚನೆ ಹಾಸಿಗೆ, ಪಕ್ಕದಲ್ಲಿ ಒಬ್ಬರು ಇರುವುದು, ಇಷ್ಟೇ ಚಿಕಿತ್ಸೆ. ಮನೆಮಂದಿಯೆಲ್ಲ ಒಮ್ಮೆಗೇ ಮಲಗಿದಲ್ಲಿ ಅದೂ ಇರಲಿಲ್ಲ.

ಹಾಗಾದರೆ ಪ್ರತಿ ವೈರಲ್ ಜ್ವರಕ್ಕೂ ಆಂಟಿಬಯೋಟಿಕ್ ಕೊಡಬೇಕೆಂದು ಯಾರಾದರೂ ಈ ಚರಿತ್ರೆಯಿಂದ ತೀರ್ಮಾನಿಸಿದರೆ ಅದು ತಪ್ಪು. ಉದಾಹರಣೆಗೆ ಕೋವಿಡ್‌ನ ವೈರಸ್ ಬೇರೆ, ಅದರ ನಡೆಯೂ ಬೇರೆ. 2020ರ ಒಂದು ಸಮಗ್ರ ವಿಶ್ಲೇಷಣೆಯಲ್ಲಿ ಬ್ಯಾಕ್ಟೀರಿಯಾ ಸೋಂಕು ಕಂಡದ್ದು ಶೇ. 7ರಷ್ಟು ಕೋವಿಡ್ ರೋಗಿಗಳಲ್ಲಿ, ಆಂಟಿಬಯೋಟಿಕ್ ಪಡೆದವರು ಶೇ. 70ಕ್ಕೂ ಹೆಚ್ಚು.