ಬೇಟೆಯ ನೆಲೆ ಮತ್ತು ಪಾಲು: ಕನ್ನಡನಾಡಿನ ಬೇಟೆಗಾರರ ಕಟ್ಟುಪಾಡುಗಳು

ಕನ್ನಡನಾಡಿನ ಬೇಟೆಯ ಚರಿತ್ರೆಯನ್ನು ವಿದ್ವಾಂಸರು ಬಹುಮಟ್ಟಿಗೆ ಎರಡು ದಾರಿಗಳಿಂದ ನೋಡಿದ್ದಾರೆ. ಒಂದು ಅರಮನೆಯ ದಾರಿ. ಇನ್ನೊಂದು ವೀರಗಲ್ಲುಗಳ ದಾರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126-1138) 'ಮಾನಸೋಲ್ಲಾಸ'ದಲ್ಲಿ ಬೇಟೆಯು ಅರಸನ ವಿನೋದಗಳಲ್ಲೊಂದು. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಅದು ನಾಯಕನ ಪರಾಕ್ರಮಕ್ಕೆ ಒದಗಿದ ವರ್ಣನೆ. ಬೆಂಗಳೂರಿನ ಶಂಕರಪುರಂ, ಚಾಮರಾಜಪೇಟೆಗಳನ್ನು ಹಾಯುವ ರಸ್ತೆಯೊಂದಕ್ಕೆ ಆ ಮಹಾಕವಿಯ ಹೆಸರಿದೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದೂ ಅದೇ ರಸ್ತೆಯಲ್ಲಿ. ನಗರದ ಓದುಗನಿಗೆ ಬೇಟೆಯ ಪರಿಚಯವಾಗಿರುವುದು ಇಂಥ ಪುಸ್ತಕಗಳ ಮೂಲಕವೇ. ಆದರೆ ಅರಸನೂ ಅಲ್ಲದ, ಕಲ್ಲಿನಲ್ಲಿ ಹೆಸರೂ ಕೆತ್ತಿಸಿಕೊಳ್ಳದ ಊರ ಜನರು ಯಾರ ಸ್ವತ್ತೂ ಅಲ್ಲದ ಕಾಡಿನಲ್ಲಿ ಒಟ್ಟಿಗೆ ಬೇಟೆಯಾಡುವಾಗ ತಮ್ಮೊಳಗೆ ಹೇಗೆ ನಡೆದುಕೊಳ್ಳುತ್ತಿದ್ದರು ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಯಾರು ಎಲ್ಲಿ ನಿಲ್ಲಬೇಕು, ಬಿದ್ದ ಮಿಗ ಯಾರದು, ಯಾರಿಗೆಷ್ಟು ಪಾಲು ಎಂಬ ಈ ಕಟ್ಟುಪಾಡುಗಳೇ ಬೇಟೆಯನ್ನು ಸಾಮುದಾಯಿಕ ಆಚರಣೆಯನ್ನಾಗಿ ಉಳಿಸಿದ್ದವು.

ಮೊದಲನೆಯ ಕಟ್ಟುಪಾಡು ಕಾಲಕ್ಕೆ ಸಂಬಂಧಿಸಿದ್ದು. ಕೊಡಗಿನಲ್ಲಿ ನಾಟಿಯ ದಿನಗಳಲ್ಲಿ ಆಯುಧಗಳನ್ನು ಮನೆಯೊಳಗೆ ಪೂಜಾಸ್ಥಾನದಲ್ಲಿ ಇರಿಸಲಾಗುತ್ತಿತ್ತು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಂದು ಅವುಗಳನ್ನು ತೊಳೆದು, ತೋಕ್‌ಪೂವಿನಿಂದ ಅಲಂಕರಿಸಿ, ಪೂಜಿಸಿ ಕೈಗೆತ್ತಿಕೊಂಡ ಮೇಲೆಯೇ ಬೇಟೆ. ತುಳುನಾಡಿನಲ್ಲಿ ಕೆಡ್ಡಸದ ದಿನಗಳು ಊರ ಬೇಟೆಗೆ ಮೀಸಲು. ಭೂಮಿ ಋತುಮತಿಯಾಗುವಳೆಂದು ನಂಬಲಾದ ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಹಸಿಯನ್ನು ಕಡಿಯುವಂತಿಲ್ಲ. ಮನೆಮನೆಗೆ ಬಂದು ಕೆಡ್ಡಸವನ್ನು ಸಾರುವ ಮಾತಿನಲ್ಲಿ ಈ ನಿಷೇಧಗಳೂ ಬೇಟೆಯ ಕರೆಯೂ ಒಟ್ಟಿಗೇ ಬರುತ್ತಿದ್ದುದು ಗಮನಾರ್ಹ. ಬೇಸಾಯದ ನೆಲಕ್ಕೆ ವಿರಾಮವಿರುವಾಗ ಕಾಡಿನ ನೆಲಕ್ಕೆ ಎಲ್ಲರೂ ಸೇರಿ ಹೋಗುವುದು ಎಂಬ ಏರ್ಪಾಡು ಇಲ್ಲಿದೆ.

ಸ್ಥಳದ ಕಟ್ಟುಪಾಡು ಇನ್ನೂ ಬಿಗಿಯಾದುದು. ಮಲೆನಾಡಿನ ಹಂದಿ ಬೇಟೆಯಲ್ಲಿ ಎರಡು ಪಂಗಡಗಳು. ನಾಯಿಗಳೊಡನೆ ಕೂಗು ಹಾಕುತ್ತ ಹಳುವನ್ನು ಸೋವಿಕೊಂಡು ಬರುವವರು ಒಂದು ಕಡೆ. ಮಿಗ ಹಾಯುವ ಕಂಡಿಗಳಲ್ಲಿ ಕೋವಿ ಹಿಡಿದು ಕಾಯುವವರು ಇನ್ನೊಂದು ಕಡೆ. ಹೀಗೆ ಕಾಯುವ ನೆಲೆಗೆ 'ಬಿಲ್ಲು' ಎಂದೇ ಹೆಸರು. ಕೋವಿ ಬಂದು ಎಷ್ಟೋ ತಲೆಮಾರುಗಳಾದರೂ 'ಬಿಲ್ಲಿಗೆ ಕೂರುವುದು' ಎಂಬ ನುಡಿ ಉಳಿದುಬಂದಿರುವುದು ಈ ವ್ಯವಸ್ಥೆಯ ಹಳಮೆಯನ್ನು ಸೂಚಿಸುತ್ತದೆ. ಬಿಲ್ಲುಗಳನ್ನು ಹಂಚುವವನು ಕಾಡಿನ ಮೂಲೆಮೂಲೆ ಬಲ್ಲ ಅನುಭವಿ. ಅವನು ತೋರಿಸಿದ ಜಾಗದಲ್ಲಿ ಕೂತ ಮೇಲೆ ಹಳುವು ಮುಗಿಯುವವರೆಗೆ ಎದ್ದು ಬರುವಂತಿಲ್ಲ. ಪಕ್ಕದ ಬಿಲ್ಲಿನ ದಿಕ್ಕಿಗೆ, ಸೋವಿಕೊಂಡು ಬರುವವರ ದಿಕ್ಕಿಗೆ ಈಡು ಹಾರಿಸುವಂತಿಲ್ಲ. ಹೆಚ್ಚು ಮಿಗ ಬರುವ ಕಂಡಿಯೆಂದು ಇನ್ನೊಬ್ಬನ ನೆಲೆಗೆ ಸರಿಯುವುದು ಅವಮಾನದ ಸಂಗತಿ ಮಾತ್ರವಲ್ಲ, ಪ್ರಾಣಾಪಾಯದ ಸಂಗತಿ. ದಟ್ಟ ಹಳುವಿನಲ್ಲಿ ಅಲುಗಾಡಿದ ಎಲೆಯ ಹಿಂದೆ ಇರುವುದು ಹಂದಿಯೋ ಮನುಷ್ಯನೋ ಎಂದು ತಿಳಿಯುವುದು, ಯಾರು ಎಲ್ಲಿದ್ದಾರೆಂಬ ಖಚಿತ ಅರಿವಿನಿಂದಲೇ. ರಾತ್ರಿ ಒಬ್ಬಂಟಿಯಾಗಿ ಮಿಗಕ್ಕಾಗಿ ಹೊಂಚಿ ಕೂರುವ 'ಮರಸು' ಬೇಟೆಗೂ ಇದೇ ಮಾತು ಅನ್ವಯಿಸುತ್ತದೆ.

ಬಿದ್ದ ಮಿಗದ ಮೇಲಿನ ಹಕ್ಕು ಮೂರನೆಯ ಸಂಗತಿ. ಮನುಸ್ಮೃತಿಯ 9ನೆಯ ಅಧ್ಯಾಯದ 44ನೆಯ ಶ್ಲೋಕವು ಮೋಟು ಕಡಿದು ಹಸನು ಮಾಡಿದವನಿಗೆ ಹೊಲವೆಂದೂ ಬಾಣ ನೆಟ್ಟವನಿಗೆ ಮಿಗವೆಂದೂ ಹೇಳುತ್ತದೆ. ನೆಲದ ಒಡೆತನವನ್ನೂ ಬೇಟೆಯ ಹಕ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮಾತು ಶಾಸ್ತ್ರಕಾರನ ಕಲ್ಪನೆಗಿಂತ ಹೆಚ್ಚಾಗಿ ಬೇಡರ ರೂಢಿಯ ದಾಖಲೆಯೆಂದು ತೋರುತ್ತದೆ. ಆದರೆ ಒಂದು ಸೀಮೆಯಲ್ಲಿ ಎದ್ದ ಮಿಗ ಇನ್ನೊಂದು ಸೀಮೆಯಲ್ಲಿ ಬಿದ್ದರೆ? ಕಾಡುಪ್ರಾಣಿಗೆ ಗಡಿಕಲ್ಲು ತಿಳಿಯದು, ಬೇಟೆಗಾರನಿಗೆ ತಿಳಿದಿರಬೇಕು.

ಈ ಪ್ರಶ್ನೆಯ ದಾರುಣ ಉತ್ತರ ತುಳುನಾಡಿನ ಕೋಟಿ-ಚೆನ್ನಯರ ಪಾಡ್ದನದಲ್ಲಿದೆ. ಎ. ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಸಾಮಗ್ರಿಯೊಂದಿಗೆ ಈ ಕಥನವು 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾದ ಲೇಖನಮಾಲೆಯಲ್ಲಿ ಬೆಳಕು ಕಂಡಿತು. ಪಂಜೆ ಮಂಗೇಶರಾಯರು ಅದನ್ನು ಕನ್ನಡ ಗದ್ಯಕ್ಕೆ ತಂದರು. ಎಣ್ಮೂರಿನಲ್ಲಿ ಆಶ್ರಯ ಪಡೆದಿದ್ದ ಅವಳಿ ವೀರರು ಬೆಳೆ ಹಾಳುಮಾಡುವ ಹಂದಿಯೊಂದನ್ನು ಕೊಲ್ಲುತ್ತಾರೆ. ಆ ಹಂದಿ ತಮಗೆ ಸೇರಬೇಕೆಂದು ನೆರೆಯ ಪಂಜದವರು ಕೇಳುತ್ತಾರೆ. ಪಾಠದಿಂದ ಪಾಠಕ್ಕೆ ವಿವರಗಳು ವ್ಯತ್ಯಾಸವಾದರೂ ಕಥೆಯ ಗಂಟು ಒಂದೇ: ಹಂದಿಯ ಜಗಳ ಎರಡು ಸೀಮೆಗಳ ಯುದ್ಧವಾಗಿ, ಅವಳಿಗಳ ಸಾವಿನಲ್ಲಿ ಮುಗಿಯುತ್ತದೆ. ಈ ಪ್ರಸಂಗವನ್ನು ಶೌರ್ಯದ ಶಿಖರವೆಂದು ಓದುವುದೇ ರೂಢಿ. ಅದರ ಕೆಳಗೆ ಬೇಟೆಯ ನ್ಯಾಯದ ಬಿಕ್ಕಟ್ಟು ಇರುವುದನ್ನು ಗಮನಿಸಿದವರು ಕಡಿಮೆ. ಒಂದು ಹಂದಿಯ ಮಾಂಸಕ್ಕಾಗಿ ಯಾರೂ ದಂಡೆತ್ತಿ ಬರುವುದಿಲ್ಲ. ಕೇಳಿದ ಪಾಲು ಕೊಟ್ಟರೆ ನೆಲದ ಹಕ್ಕನ್ನು ಒಪ್ಪಿದಂತೆ, ಕೊಡದಿದ್ದರೆ ನಿರಾಕರಿಸಿದಂತೆ. ಆದ್ದರಿಂದಲೇ ಅದು ಯುದ್ಧವಾಯಿತು.

ಪಾಲಿನ ವಿಷಯದಲ್ಲಿ ರೂಢಿಯು ಊರಿಂದೂರಿಗೆ ಬೇರೆ. ಕೆಡವಿದವನಿಗೆ ತಲೆಯೋ ತೊಡೆಯೋ ವಿಶೇಷವಾಗಿ ಸಲ್ಲುವುದು, ಉಳಿದುದನ್ನು ಬಂದವರಿಗೆಲ್ಲ ಹಂಚುವುದು, ಕೋವಿಗೊಂದು, ನಾಯಿಗೊಂದು ಪಾಲು ಎತ್ತುವುದು ಸಾಮಾನ್ಯ. ನಾಯಿಯ ಪಾಲು ಕ್ಷುಲ್ಲಕವೆನಿಸಿದರೆ ಆತಕೂರಿನ ಶಾಸನವನ್ನು ನೆನೆಯಬೇಕು. ಶಕ 872ರ (ಕ್ರಿ.ಶ. 949-50) ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗರ ಬೂತುಗನಿಂದ ಮೆಚ್ಚಾಗಿ ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಎರಡು ಖಂಡುಗದ ಮಣ್ಣು ಬಿಟ್ಟನು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಶಾಸನ ವಿಧಿಸುತ್ತದೆ. ಇಲ್ಲಿ ಪಾಲು ಮಾಂಸದ ತುಂಡಾಗಿ ಅಲ್ಲ, ಗದ್ದೆಯಾಗಿ ಸಂದಿದೆ.

ಹಾಗೆಂದು ಈ ಕಟ್ಟುಪಾಡುಗಳನ್ನು ಸಮಾನತೆಯ ಸಂಹಿತೆಯೆಂದು ಕೊಂಡಾಡುವುದು ಸರಿಯಾಗದು. ಬಿಲ್ಲಿಗೆ ಕೂರುತ್ತಿದ್ದವರು ಬಹುಮಟ್ಟಿಗೆ ಕೋವಿಯುಳ್ಳ ಒಕ್ಕಲು ಯಜಮಾನರು. ಮುಳ್ಳುಹಳುವಿಗೆ ನುಗ್ಗುತ್ತಿದ್ದವರು ಅವರ ಆಳುಗಳು. ಗಾಯಗೊಂಡ ಹಂದಿ ತಿರುಗಿಬಿದ್ದಾಗ ಮೊದಲು ಸಿಗುತ್ತಿದ್ದವರೂ ಇವರೇ. 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ ಕುವೆಂಪು ಚಿತ್ರಿಸಿದ ಮಲೆನಾಡಿನ ಸಮಾಜದ ಮೇಲುಕೀಳುಗಳು ಕಾಡಿನೊಳಗೂ ಜೊತೆಗೇ ನಡೆದುಬರುತ್ತಿದ್ದವು. ಪಾಲು ಎಲ್ಲರಿಗೂ ಇತ್ತು ಎಂಬುದು ನಿಜ. ಯಾರ ಪಾಲು ಯಾವ ತುಂಡು ಎಂಬುದನ್ನು ಜಾತಿಯೂ ನಿರ್ಧರಿಸುತ್ತಿತ್ತು ಎಂಬುದೂ ಅಷ್ಟೇ ನಿಜ.

ಕಾಡಿಗೆ ಸರ್ಕಾರವೇ ಒಡೆಯನಾದಾಗ ಈ ರೂಢಿಗಳ ಬುಡ ಅಲುಗಾಡಿತು. 1882ರ ಮದ್ರಾಸ್ ಅರಣ್ಯ ಕಾಯ್ದೆ ದಕ್ಷಿಣ ಕನ್ನಡಕ್ಕೂ ಅನ್ವಯಿಸಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿಗಳು ಮತ್ತು ಮೀನುಗಳ ಸಂರಕ್ಷಣೆಗಾಗಿ ತನ್ನದೇ ಕಾನೂನು ಮಾಡಿತು. ಯಾರು, ಯಾವಾಗ, ಎಲ್ಲಿ ಎಂಬುದನ್ನು ಊರ ಹಿರಿಯನ ಬದಲು ಪರವಾನಗಿ ಹೇಳತೊಡಗಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಬೇಟೆಯೇ ನಿಷಿದ್ಧವಾಯಿತು. ಕ್ಷೀಣಿಸಿದ ಕಾಡು ಮತ್ತು ಮಿಗಗಳನ್ನು ನೋಡಿದರೆ ಈ ನಿಷೇಧ ಅನಿವಾರ್ಯವಾಗಿತ್ತು. ಸಾಮೂಹಿಕ ಬೇಟೆ ನಿಂತಮೇಲೂ ಕದ್ದು ಆಡುವವರು ಇಲ್ಲದಿಲ್ಲ. ಆದರೆ ಕದ್ದ ಬೇಟೆಯಲ್ಲಿ ಹಿರಿಯನ ಮಾತೂ ಇಲ್ಲ, ಊರಿಗೆ ಪಾಲೂ ಇಲ್ಲ.

ಕೆಡ್ಡಸದಲ್ಲಿ ಈಗ ಉಳಿದಿರುವುದು ಭೂಮಿಪೂಜೆ ಮತ್ತು ನನ್ನೆರಿಯ ಹಂಚಿಕೆ. ಕೊಡಗಿನಲ್ಲಿ ಕೋವಿ ಉಳಿದಿದೆ: 1861ರಲ್ಲಿ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿಯ ಪರಂಪರೆಯಲ್ಲಿ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್‌ನಂದು ಪೂಜೆಗೊಂಡ ಕೋವಿಗಳು ಈಗ ಕಾಡಿಗೆ ಹೋಗುವುದಿಲ್ಲ. ಊರ ಮೈದಾನದ ಮರಕ್ಕೆ ತೆಂಗಿನಕಾಯಿ ಕಟ್ಟಿ, ಸರದಿಯಲ್ಲಿ ನಿಂತು ಅದಕ್ಕೆ ಗುಂಡು ಹಾರಿಸುತ್ತಾರೆ.